ನೀರು ತೋರಿಸುವ ದಿನ

ನನ್ನನ್ನು ಕೊಟ್ಟ ಊರು ಬಸವಕಲ್ಯಾಣದಿಂದ ಮಂಠಾಳದ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಹಳ್ಳಿ. ಹಿಂದೆ ಕೆಂಪು ಗುಡ್ಡ, ಮುಂದೆ ತೊಗರಿ ಹೊಲ. ನಾನೋ ಹುಮನಾಬಾದಿನ ಪೇಟೆಯಲ್ಲಿ, ಅಂಗಳದಲ್ಲೇ ಬಾವಿ ಇದ್ದ ಮನೆಯಲ್ಲಿ ಬೆಳೆದವಳು. ಹೀಗಾಗಿ ನಮ್ಮಪ್ಪ ವರನ ಮನೆಗೆ ಹೋದಾಗ ಹೊಲ ಎಷ್ಟಿದೆ ಎಂದು ಕೇಳುವ ಮೊದಲೇ ನೀರು ಹೇಗೆ ಎಂದು ಕೇಳಿದ್ದ. ಅವರು ಮರುಮಾತಾಡದೆ ಊರ ಬಾವಿಗೆ ಕರೆದುಕೊಂಡು ಹೋಗಿ ಬಗ್ಗಿ ನೋಡಿ ಅಂದರು. ಸುಡು ಬೇಸಿಗೆಯಲ್ಲೂ ನೀರು ತಳತಳ ಹೊಳೆಯುತ್ತಿತ್ತಂತೆ. ಅಪ್ಪ ಅಲ್ಲೇ ನಿಂತು ಒಪ್ಪಿಕೊಂಡುಬಿಟ್ಟ.

ಮದುವೆಯಾಗಿ ಹದಿನೈದು ದಿನಕ್ಕೆ ನನಗೆ ಗುಟ್ಟು ತಿಳಿಯಿತು. ಅಂದು ಹೊಳೆದದ್ದು ಮೂರು ದಿನ ಕೂಡಿಟ್ಟ ನೀರು. ಯಾರದಾದರೂ ಮನೆಗೆ ಬೀಗರು ನೋಡಲು ಬರುತ್ತಾರೆ ಎಂದರೆ ಇಡೀ ಊರು ಮೂರು ದಿನ ಬಾವಿಗೆ ಹಗ್ಗ ಇಳಿಸುತ್ತಿರಲಿಲ್ಲ. ಹೆಂಗಸರೆಲ್ಲ ಗುಡ್ಡ ಬಳಸಿಕೊಂಡು ಹಳ್ಳದ ಒರತೆಗೆ ಹೋಗುತ್ತಿದ್ದೆವು. ಹೋಗಿ ಬರಲು ಒಂದು ತಾಸು. ಬೇಸಿಗೆಯಲ್ಲಿ ಉಳಿದ ದಿನಗಳಲ್ಲೂ ಬೆಳಗಿನ ಹೊತ್ತಿಗೇ ಬಾವಿ ಬರಿದಾಗಿ ಅದೇ ದಾರಿ ಗತಿ. ಇದಕ್ಕೆ ‘ನೀರು ತೋರಿಸೋದು’ ಎಂದು ಹೆಸರು. ಮೋಸ ಎಂದು ಯಾರೂ ಅಂದುಕೊಂಡಿರಲಿಲ್ಲ, ಎಲ್ಲರ ಮನೆಯಲ್ಲೂ ಗಂಡುಮಕ್ಕಳಿದ್ದರಲ್ಲ. ಮೊದಲು ನನಗೆ ಮೈಯೆಲ್ಲ ಉರಿಯಿತು. ಆಮೇಲೆ ನಾನೂ ಆರು ಮದುವೆಗೆ ಬಾಯಿ ಮುಚ್ಚಿಕೊಂಡು ಒರತೆಗೆ ನಡೆದೆ. ಇದರಲ್ಲಿ ನಾನೇನೂ ಸಾಚಾ ಅಲ್ಲ.

ಎಂಬತ್ತರ ದಶಕದ ಶುರುವಿನ ಒಂದು ಬೇಸಿಗೆ. ನಮ್ಮ ಮೈದುನನಿಗೆ ಘಾಟಬೋರಾಳದ ಹುಡುಗಿಯನ್ನು ಮಾತಾಡಿದ್ದರು. ಹುಡುಗಿಯ ತಂದೆ ಗುರುವಾರ ಬರುವುದೆಂದು ಗೊತ್ತಾಗಿತ್ತು. ಸೋಮವಾರದಿಂದ ಬಾವಿ ಬಂದ್. ಮೈದುನ ಮೂರು ದಿನ ಬಾವಿಕಟ್ಟೆಯ ಮೇಲೆ ಕಾವಲು ಕೂತ. ಒಂದು ಕಾಗೆ ಕೊಕ್ಕು ಅದ್ದೀತೆಂದು ಅವನಿಗೆ ಭಯ.

ಅದೇ ಗುರುವಾರ ಒಂದು ಜೀಪೂ ಬಂತು. ಗುಡ್ಡದ ಕೆಂಪುಕಲ್ಲು ತೆಗೆಯಲು ಯಾವುದೋ ಕಂಪನಿಯವರು ಅರ್ಜಿ ಹಾಕಿದ್ದರು. ಬಯಲು ಗಣಿ, ನಮ್ಮವರ ಬಾಯಲ್ಲಿ ಖದಾನು. ಧೂಳು ಏಳದಂತೆ ಚಿಮುಕಿಸಲು, ಕಲ್ಲು ತೊಳೆಯಲು ಅವರಿಗೆ ನೀರು ಬೇಕು. ನಮ್ಮ ಬಾವಿಗೆ ಪಂಪು ಕೂಡಿಸುತ್ತೇವೆ ಎಂದು ಬರೆದುಕೊಟ್ಟಿದ್ದರಂತೆ. ಪರವಾನಗಿ ಕೊಡುವ ಮೊದಲು ಊರಿಗೆ ಸಾಲುವಷ್ಟು ನೀರು ಉಳಿಯುತ್ತದೋ ಇಲ್ಲವೋ ಎಂದು ಅಳೆದು ವರದಿ ಮಾಡಲು ಒಬ್ಬ ಸಾಹೇಬರು ಟೇಪು ಹಿಡಿದು ಬಂದಿದ್ದರು. ತೆಳ್ಳಗಿನ ಮನುಷ್ಯ, ತಲೆಗೆ ಒದ್ದೆ ಟವೆಲು.

ಬಾವಿಕಟ್ಟೆಯ ಮೇಲೆ ಒಂದು ಕಡೆ ಸಾಹೇಬರು, ಇನ್ನೊಂದು ಕಡೆ ಘಾಟಬೋರಾಳದ ಬೀಗರು. ಇಬ್ಬರೂ ಒಟ್ಟಿಗೇ ಬಾವಿಗೆ ಬಗ್ಗಿದರು. ಟೇಪು ಇಳಿಯಿತು.

“ಈ ಬ್ಯಾಸಿಗಿಯೊಳಗೂ ಇಷ್ಟು ನೀರದ ಏನ್ರಿ?” ಎಂದು ಸಾಹೇಬರು ಬೆರಗಾದರು.

“ಭರಪೂರ ಅದ್ರಿ. ನಮ್ಮೂರಾಗ ನೀರಿನ ಚಿಂತಿ ಅನ್ನೋದು ಗೊತ್ತೇ ಇಲ್ರಿ,” ಎಂದರು ನಮ್ಮ ಮಾವ, ಬೀಗರ ಕಡೆ ನೋಡುತ್ತ.

ಬೀಗರ ಮುಖ ಅರಳಿತು. ಸಾಹೇಬರು ಜೇಬಿನಿಂದ ಪೆನ್ನು ತೆಗೆದರು.

ನಾನು ಚಹಾದ ತಟ್ಟೆ ಹಿಡಿದು ಹಿಂದೆ ನಿಂತಿದ್ದೆ. ಅವರು ಹಾಗೆ ಬರೆದರೆ ಬಾವಿ ಖದಾನಿನ ಪಾಲು. ನಾನು ಬಾಯಿ ಬಿಟ್ಟರೆ ಮೈದುನನ ಮದುವೆ ಮುರಿಯಿತು. ಅತ್ತೆ ನನ್ನ ಸೆರಗು ಜಗ್ಗಿದರು. ಒಂಬತ್ತು ವರ್ಷದಲ್ಲಿ ನಾನು ಮಾವನ ಎದುರು ಒಂದು ಮಾತೂ ಆಡಿದವಳಲ್ಲ. ಹೇಳುವುದೇನಿದ್ದರೂ ಅತ್ತೆಗೆ ಹೇಳುತ್ತಿದ್ದೆ.

“ಸಾಹೇಬರ, ಬರೀಬ್ಯಾಡ್ರಿ,” ಅಂದೆ. “ಮೂರು ದಿನದಿಂದ ನಾವ್ಯಾರೂ ಸೇದಿಲ್ರಿ. ಕೂಡಿಟ್ಟ ನೀರು ಅದು. ಒಂದು ತಾಸು ಕುಂದರ್ರಿ, ನಾವು ಸೇದಿ ತೋರಸ್ತೀವಿ.”

ಮೈದುನ ನನ್ನನ್ನು ನುಂಗುವ ಹಾಗೆ ನೋಡಿದ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಕೊಡ ಹಿಡಿದು ಬಂದೇಬಿಟ್ಟಳು, ಅವಳ ಹಿಂದೆ ಓಣಿಗೆ ಓಣಿಯೇ ಬಂತು. ಮೂರು ದಿನ ನಡೆದು ನಡೆದು ಕಾಲು ಬಿದ್ದುಹೋಗಿದ್ದ ಹೆಂಗಸರು ಬಿಡುತ್ತಾರೆಯೇ? ನಾಲ್ಕೂ ಕಡೆ ಹಗ್ಗ ಇಳಿದವು. ನೂಕಾಟ, ನಗು, ಬೈದಾಟ. ಒಬ್ಬಳು ಸಾಹೇಬರ ಮೈಮೇಲೇ ಅರ್ಧ ಕೊಡ ಚೆಲ್ಲಿದಳು, ಆ ಬಿಸಿಲಲ್ಲಿ ಅವರು ಬೇಡ ಅನ್ನಲಿಲ್ಲ. ತಾಸು ತುಂಬುವುದರೊಳಗೆ ಕೊಡದಲ್ಲಿ ರಾಡಿ ಬರತೊಡಗಿತು. ಸಾಹೇಬರು ಮತ್ತೆ ಟೇಪು ಇಳಿಸಿದರು, ಮಧ್ಯಾಹ್ನದವರೆಗೆ ಕೂತು ಇನ್ನೊಮ್ಮೆ ಇಳಿಸಿದರು. ನೀರು ಎರಡು ಬೆರಳೂ ಏರಿರಲಿಲ್ಲ. ಅವರು ಹಳೆಯ ಹಾಳೆ ಹರಿದು ಹೊಸದು ಬರೆದರು. ಆ ಬಾವಿಗೆ ಪಂಪು ಬರಲಿಲ್ಲ, ಖದಾನಿಗೆ ಪರವಾನಗಿಯೂ ಸಿಗಲಿಲ್ಲ.

ಬೀಗರು ಮಾತ್ರ ಚಹಾ ಕುಡಿಯದೆ ಎದ್ದು ಹೋದರು. ನಮ್ಮ ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೈದುನನಂತೂ ನಾನು ಬಡಿಸಿದ ರೊಟ್ಟಿ ಮುಟ್ಟುತ್ತಿರಲಿಲ್ಲ. ತಾಯಿ ಬಡಿಸಿದರೆ ನಾಲ್ಕು ತಿನ್ನುತ್ತಿದ್ದ, ಅದನ್ನು ತಟ್ಟಿದವಳೂ ನಾನೇ.

ಇಪ್ಪತ್ತು ದಿನ ಕಳೆದ ಮೇಲೆ ಒಬ್ಬ ಹೆಂಗಸು ಬಸ್ಸಿಳಿದು ಸೀದಾ ಬಾವಿಯ ಹತ್ತಿರ ಬಂದಳು. ಹುಡುಗಿಯ ತಾಯಿ ಎಂದು ಹೇಳಿಕೊಂಡಳು. ಮನೆಗೆ ಬನ್ನಿ ಅಂದರೆ ಒಲ್ಲೆ ಅಂದಳು. “ಒಂದು ಕೊಡ ಕೊಡವ್ವ. ನೀವು ಹೋಗೋ ಹಾದಿ ನೋಡಬೇಕು.” ನಮ್ಮ ಜೊತೆ ಗುಡ್ಡ ಬಳಸಿ ನಡೆದಳು, ಒರತೆಯಲ್ಲಿ ಸರದಿ ಕಾದಳು, ತುಂಬಿದ ಕೊಡ ಹೊತ್ತು ತಿರುಗಿ ಬಂದಳು. ದಾರಿಯುದ್ದಕ್ಕೂ ಹರಟೆ. ನಮ್ಮ ಅಂಗಳದಲ್ಲಿ ಕೊಡ ಇಳಿಸಿ ಮಾವನಿಗೆ ಅಂದಳು:

“ನಮ್ಮೂರ ಹಾದಿನೂ ಇಷ್ಟ ದೂರ ಅದ್ರಿ. ಹುಡುಗಿ ಕೊಡ್ತೀವಿ. ಆದ್ರ ನೀವು ಒಮ್ಮಿ ಈ ಹಾದಿ ನಡೀರಿ.”

ಅತ್ತೆ ನಕ್ಕರು. ಮಾವ ನಗಲಿಲ್ಲ. ಮರುದಿನ ಮುಂಜಾನೆ ಒಂದು ಕೊಡ ಹೆಗಲಿಗೇರಿಸಿ ಹೊರಟೇಬಿಟ್ಟರು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ತಿರುಗಿ ಬಂದಾಗ ಕೊಡ ಅರ್ಧವಾಗಿತ್ತು, ಧೋತರ ಪೂರ್ತಿ ನೆನೆದಿತ್ತು. ಕಟ್ಟೆಯ ಮೇಲೆ ಕೂತು ಧೋತರದ ಅಂಚು ಹಿಂಡಿದರು. ಆಮೇಲೆ ಮೊದಲ ಸಲ ಅತ್ತೆಯನ್ನು ನಡುವೆ ತರದೆ ನನ್ನನ್ನೇ ಕೇಳಿದರು.

“ಇಷ್ಟು ದೂರ ಅದ ಅಂತ ಯಾಕ ಹೇಳಲಿಲ್ಲ ತಂಗಿ?”

“ನೀವು ಕೇಳಿರಲಿಲ್ರಿ,” ಅಂದೆ.