ಸುಲಭಾ ಕೇಳದೆ ಬರೆದ ನಂಬರು

ಮುಧೋಳದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಡಾಕ್ಟರ್ ನಂದಕಿಶೋರ ಅವರ ದವಾಖಾನೆ ಇದೆ. ಒಳಗೆ ಹೋದೊಡನೆ ಎಡಗಡೆಯ ಮೇಜಿನ ಹಿಂದೆ ಕುಳಿತು ಹೆಸರು ಬರೆದುಕೊಳ್ಳುವವಳು ಸುಲಭಾ. ಮೂರನೆಯ ಇಯತ್ತೆಯಲ್ಲಿ ನಾನು ಅವಳಿಗೆ ಕನ್ನಡ ಕಲಿಸಿದ್ದೆ. ಮನೆಯಲ್ಲಿ ಮರಾಠಿ ಆಡುವ ಹುಡುಗಿ; ಆದರೆ ಪಾಟಿಯ ಮೇಲೆ ಗೆರೆ ಇಲ್ಲದಿದ್ದರೂ ಅವಳು ಬರೆದ ಸಾಲು ಸೊಟ್ಟಗಾಗುತ್ತಿರಲಿಲ್ಲ. ಈಗ ಅವಳ ತಲೆ ಅರ್ಧ ಬೆಳ್ಳಗಾಗಿದೆ. ತಿಂಗಳಿಗೊಮ್ಮೆ ರಕ್ತದೊತ್ತಡ ತೋರಿಸಲು ನಾನು ಹೋದರೆ ಈಗಲೂ ಎದ್ದು ನಿಲ್ಲುತ್ತಾಳೆ. ಕೂಡಮ್ಮ ಎಂದರೆ, "ನಿಮ್ಮ ಮುಂದ ಕೂತ್ರ ಇನ್ನೂ ಅಂಜಿಕಿ ಬರ್ತದರಿ ಸರ್" ಎಂದು ನಗುತ್ತಾಳೆ.

ಮೊದಲು ಆ ದವಾಖಾನೆಯಲ್ಲಿ ಒಬ್ಬೊಬ್ಬ ರೋಗಿಗೆ ಒಂದೊಂದು ಕಾಗದವಿತ್ತು. ಸುಲಭಾ ಅವನ್ನೆಲ್ಲ ಊರಿನ ಪ್ರಕಾರ ಕಟ್ಟಿ ಕಪಾಟಿನಲ್ಲಿ ಇಡುತ್ತಿದ್ದಳು. ಬಂದವರ ಮುಖ ನೋಡಿಯೇ ಊರಿನ ಕಟ್ಟಿಗೆ ಕೈ ಹಾಕುತ್ತಿದ್ದಳು. ಒಬ್ಬರ ಬೇನೆಯ ಸುದ್ದಿ ಇನ್ನೊಬ್ಬರಿಗೆ ಅವಳಿಂದ ತಿಳಿದದ್ದಿಲ್ಲ. ಮನೆಯಲ್ಲಿ ಗಂಡ ಅಜಿತ, "ನಮ್ಮ ಓಣಿಯವರು ಯಾರೋ ಬಂದಿದ್ರಂತಲ್ಲ, ಏನಾಗೇದ?" ಎಂದು ಕೇಳಿದರೆ, "ಕಪಾಟಿನ ಕೀಲಿ ಅಲ್ಲೇ ಬಿಟ್ಟು ಬಂದೇನಿ" ಎನ್ನುತ್ತಿದ್ದಳಂತೆ.

ಡಾಕ್ಟರು ಬುಧವಾರ ಬೀಳಗಿಯಲ್ಲಿ, ಶನಿವಾರ ಬನಹಟ್ಟಿಯಲ್ಲಿ ರೋಗಿಗಳನ್ನು ನೋಡುತ್ತಾರೆ. ಮುಧೋಳದ ರೋಗಿ ಅಲ್ಲಿಗೆ ಹೋದರೆ ಕಾಗದ ಇಲ್ಲೇ ಕಪಾಟಿನಲ್ಲಿ ಉಳಿಯುತ್ತಿತ್ತು. ಆ ತೊಂದರೆಗಾಗಿಯೇ ಎರಡು ವರ್ಷದ ಹಿಂದೆ ಮೂರೂ ಕಡೆ ಕಂಪ್ಯೂಟರ್ ಹಾಕಿಸಿದರು. ಅಮಿತ ಎಂಬ ತರುಣ ಬಂದು ಸುಲಭಾಳಿಗೆ ಕಲಿಸಿದ. ಹಳೆಯ ಕಾಗದಗಳನ್ನೆಲ್ಲ ಅವಳು ಸ್ವಂತ ಕೈಯಿಂದ ಕಂಪ್ಯೂಟರಿಗೆ ಏರಿಸಿದಳು. ಹೆಸರು, ಊರು, ವಯಸ್ಸು, ಬೇನೆ, ಗುಳಿಗೆ. ಕೊನೆಗೆ ಮೊಬೈಲ್ ನಂಬರು. ಆ ನಂಬರಿನ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುತ್ತಿರಲಿಲ್ಲ.

ನಮ್ಮ ಕಡೆ ವಯಸ್ಸಾದವರಿಗೆ ಸ್ವಂತ ಫೋನು ಇರುವುದು ಕಡಿಮೆ. ನಂಬರು ಕೇಳಿದರೆ ಮಗನದೋ ಅಳಿಯನದೋ ಮಗ್ಗುಲ ಮನೆಯವರದೋ ಒಂದನ್ನು ಕೊಡುತ್ತಾರೆ. ಸುಲಭಾ ಕೊಟ್ಟದ್ದನ್ನು ಬರೆದುಕೊಂಡಳು. ಆ ನಂಬರಿಗೆ ದವಾಖಾನೆಯಿಂದ ತಾನಾಗಿಯೇ ಸಂದೇಶ ಹೋಗುತ್ತದೆ ಎಂದು ಅಮಿತ ಹೇಳಿದ್ದನ್ನು ಅವಳು ಕೇಳಿದ್ದಳು. ಆ ಫೋನು ಯಾರ ಕಿಸೆಯಲ್ಲಿದೆ ಎಂದು ಮಾತ್ರ ವಿಚಾರಿಸಲಿಲ್ಲ.

ರನ್ನ ಬೆಳಗಲಿ ಕಡೆಯ ಸತ್ಯವ್ವ ಕುರಿ ಕಾಯುವ ಮನೆತನದವಳು, ಬೀರೇಶ್ವರನ ಒಕ್ಕಲು. ಮದುವೆಯಾದಂದಿನಿಂದ ಪ್ರತಿ ವರ್ಷ ದೀಪಾವಳಿ ಮುಗಿದೊಡನೆ ಕುರಿಗಳ ಹಿಂದೆ ಬೀಳಗಿ, ಜಮಖಂಡಿ ಸೀಮೆಗೆ ಹೋಗಿ, ಬೇಸಿಗೆ ಕಳೆದು ಊರಿಗೆ ಮರಳುವವಳು. ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅದೇ ಕಾಯಿಲೆಯಿಂದ ಅವಳ ಅಕ್ಕನ ಕಾಲನ್ನು ಕತ್ತರಿಸಿದ್ದರು. ತನ್ನದೂ ತಿಳಿದರೆ ಮಗ ಮಾಳಿಂಗರಾಯ ಕುರಿಗಳ ಜೊತೆ ಬರಗೊಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮೊಣಕಾಲಿಗೆ ಎಣ್ಣೆ ತರುತ್ತೇನೆ ಎಂದು ಹೇಳಿ ಮುಧೋಳಕ್ಕೆ ಬಂದು, ಗುಳಿಗೆ ತೆಗೆದುಕೊಂಡು ಹೋಗುತ್ತಿದ್ದಳು. ಇದು ಸುಲಭಾಳಿಗೂ ತಿಳಿದಿತ್ತು. ಆದರೂ ನಂಬರು ಕೇಳಿದಾಗ ಸತ್ಯವ್ವ ಮಗನದನ್ನು ಹೇಳಿದಳು, ಇವಳು ಯಾರದೆಂದು ಕೇಳದೆ ಬರೆದಳು.

ಕಂಪ್ಯೂಟರ್ ಬಂದ ವರ್ಷವೇ ದೀಪಾವಳಿ ಹತ್ತಿರ ಬಂದಾಗ ಒಂದು ಮುಂಜಾನೆ ನಾನು ದವಾಖಾನೆಯ ಬಾಕಿನ ಮೇಲೆ ಕುಳಿತಿದ್ದೆ. ಹೊರಗೆ ಮೋಟರ್ ಸೈಕಲ್ ನಿಂತಿತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮಾಳಿಂಗರಾಯ, ಹಿಂದೆ ಅವನ ತಾಯಿ ಒಳಗೆ ಬಂದರು. ಅವನು ಫೋನನ್ನು ಸುಲಭಾಳ ಮುಂದೆ ಹಿಡಿದ.

"ಅಕ್ಕಾರ, ಸತ್ಯವ್ವ ಅವರು ಸಕ್ಕರೆ ಕಾಯಿಲೆ ತಪಾಸಣೆಗೆ ಬರಬೇಕು ಅಂತ ಬಂದೈತ್ರಿ. ನಮ್ಮವ್ವಗ ಸಕ್ಕರಿ ಐತೇನ್ರಿ?"

ಸುಲಭಾ ಸತ್ಯವ್ವನ ಕಡೆಗೆ ನೋಡಿದಳು.

"ಹೇಳ್ರಿ ಬಾಯಾರ, ಹೇಳ್ರಿ. ನಿಮ್ಮ ಪೆಟ್ಟಿಗಿ ಆಗಲೇ ಚಾಡಿ ಹೇಳೇತಿ. ನೀವ್ಯಾಕ ಸುಮ್ಮ ಕುಂತೀರಿ?" ಎಂದಳು ಸತ್ಯವ್ವ.

"ಎಷ್ಟ ವರ್ಸ ಆತ ಬೇ?" ಎಂದು ಮಗ ಕೇಳಿದ.

"ನಿನ್ನ ಲಗ್ನದಾಗ ಹೋಳಿಗಿ ತಿಂದೆನಲ್ಲ, ಅವಾಗಿಂದ."

ಕುಳಿತವರು ನಕ್ಕರು. ಮಾಳಿಂಗರಾಯ ನಗಲಿಲ್ಲ. "ದೊಡ್ಡವ್ವನ ಕಾಲ ಏನಾತು ನೋಡಿಲ್ಲೇನ ನೀ? ಈ ಸಲ ಕುರಿ ಹಿಂದ ಬರೂದ ಬ್ಯಾಡ. ಮನ್ಯಾಗ ಇರು."

"ಮನ್ಯಾಗ ಕುಂತ ಏನ ಮಾಡ್ಲೋ? ಟಿವಿ ಮುಂದ ಕುಂತ ಮಂದಿ ಸೊಸ್ತ್ಯಾರ ಜಗಳಾ ನೋಡ್ಲೇನ? ಎಳೀ ಮರಿ ಯಾರ ನೋಡ್ತಾರ, ನೀನ? ಹೋದ ವರ್ಸ ಅಕಾಲಿ ಮಳ್ಯಾಗ ಮರಿ ಹೊರಗ ಬಿಟ್ಟ ಗೊರಕಿ ಹೊಡದಾವ ನೀನ ಅಲ್ಲೇನ?"

ಸುಲಭಾ ಎದ್ದು ಮೇಜು ಬಳಸಿ ಸತ್ಯವ್ವನ ಹತ್ತಿರ ಬಂದಳು. "ತಪ್ಪು ನಂದದ ಸತ್ಯವ್ವ. ಈ ನಂಬರಿಗೆ ಸುದ್ದಿ ಹೋಗ್ತದ ಅಂತ ನಿನಗ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ."

"ನೀವು ತಪ್ಪ ಒಪ್ಪಿಕೊಂಡ್ರ ಇವ ನನ್ನ ಕರಕೊಂಡ ಹೊಕ್ಕಾನೇನ್ರಿ?"

ಸುಲಭಾ ಇಬ್ಬರನ್ನೂ ಸರದಿ ಬಿಟ್ಟು ಒಳಗೆ ಕರೆದುಕೊಂಡು ಹೋದಳು. ಮುಂದಿನ ಸರದಿ ನನ್ನದು. ನಾನೇ ಹೂಂ ಎಂದೆ. ಬಾಗಿಲು ತೆರೆದೇ ಇದ್ದುದರಿಂದ ಎಲ್ಲ ಕೇಳಿಸುತ್ತಿತ್ತು.

ಡಾಕ್ಟರು ಸತ್ಯವ್ವನ ಎರಡೂ ಪಾದಗಳನ್ನು ತಿರುವಿ ನೋಡಿದರು. ಸಕ್ಕರೆ ಹತೋಟಿಯಲ್ಲಿದೆ, ನಡೆಯುವುದರಿಂದ ಒಳ್ಳೆಯದೇ ಆಗಿದೆ, ಆದರೆ ಕಾಲಿಗೆ ಗಾಯವಾದರೆ ಕೆಲಸ ಕೆಡುತ್ತದೆ ಎಂದರು. ಕಾಲು ಮುಚ್ಚುವ ಬೂಟು ಹಾಕಬೇಕು, ಹದಿನೈದು ದಿನಕ್ಕೊಮ್ಮೆ ಪಾದ ತೋರಿಸಬೇಕು.

"ಹದಿನೈದ ದಿನಕ್ಕ ಮುಧೋಳಕ್ಕ ಹೆಂಗ ಬರೂದ್ರಿ? ಅವಾಗ ನಾವು ಬೀಳಗಿ ಕಡೆ ಹೊಲದಾಗ ಕುರಿ ನಿಲ್ಲಿಸಿರ್ತೇವಿ. ಅದಕ್ಕ ಅಂತೇನಿ, ಮನ್ಯಾಗ ಇರ್ಲಿ ಅಂತ" ಎಂದ ಮಾಳಿಂಗರಾಯ.

"ಮುಧೋಳಕ್ಕ ಬರೋದ ಬ್ಯಾಡಪಾ" ಎಂಬ ಸುಲಭಾಳ ದನಿ ಕೇಳಿಸಿತು. "ಇಲ್ಲಿ ಬರದದ್ದು ಬೀಳಗಿಯೊಳಗೂ ಕಾಣಸ್ತದ, ಬನಹಟ್ಟಿಯೊಳಗೂ ಕಾಣಸ್ತದ. ನೀವು ಯಾವ ಊರಾಗ ಯಾವಾಗ ಇರ್ತೀರಿ, ಅಷ್ಟು ಹೇಳು."

ಮಾಳಿಂಗರಾಯ ಒಂದೊಂದೇ ಊರಿನ ಹೆಸರು ಹೇಳತೊಡಗಿದ. ನಡುವೆ ಸತ್ಯವ್ವ, "ಆ ಊರಾಗ ಈ ಸಲ ನೀರಿಲ್ಲೋ, ಅದನ್ನ ಬಿಡು" ಎಂದು ತಿದ್ದಿದಳು. ಕೊನೆಗೆ ಮಗ ಕೇಳಿದ, "ಬೂಟ ಹಾಕ್ಕೋತೀ ಏನ ಬೇ?"

"ಹಾಕ್ಕೋತೇನಿ. ಪೊಲೀಸ ಬಂದಾ ಅಂತ ಕುರಿ ಬೆದರಿ ಓಡಿದ್ರ ಹುಡಕಾವ ನೀನ."

ದೀಪಾವಳಿ ಮುಗಿದೊಡನೆ ಸತ್ಯವ್ವ ಕುರಿಗಳ ಜೊತೆ ಹೋದಳು.

ಅಂದಿನಿಂದ ಸುಲಭಾ ಬಂದ ಪ್ರತಿಯೊಬ್ಬರನ್ನೂ ಹತ್ತಿರ ಕರೆದು, ಕಿವಿಗೆ ಮಾತ್ರ ಕೇಳುವಂತೆ, ಈ ಫೋನು ಯಾರದು, ಸುದ್ದಿ ಕಳಿಸಬೇಕೋ ಬೇಡವೋ ಎಂದು ಕೇಳಿದಳು. ಬೇಡ ಎಂದವರು ಅವಳು ತಿಳಿದದ್ದಕ್ಕಿಂತ ಹೆಚ್ಚಾಗಿದ್ದರಂತೆ. ಸಾಲು ಬೆಳೆಯಿತೆಂದು ಡಾಕ್ಟರು ಗೊಣಗಿದರು. ಅವಳು ಬಿಡಲಿಲ್ಲ. ಅಮಿತನಿಗೆ ಹೇಳಿ, ಸಂದೇಶದಲ್ಲಿ ಬೇನೆಯ ಹೆಸರು ಬಾರದಂತೆ ಮಾಡಿಸಿದಳು.

ಬೀಳಗಿಯಲ್ಲಿ ಪ್ರಣೀತಾ ಎಂಬ ಹುಡುಗಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಕಾಲು ತೋರಿಸಬೇಕಾಗಿದ್ದ ಮೊದಲನೆಯ ಬುಧವಾರ ಸತ್ಯವ್ವ ಅಲ್ಲಿಗೆ ಬರಲಿಲ್ಲ. ಸುಲಭಾ ಇಲ್ಲಿ ಕುಳಿತು ಸಂಜೆಯವರೆಗೆ ಕಂಪ್ಯೂಟರಿನಲ್ಲಿ ಅವಳ ಹೆಸರನ್ನು ತೆಗೆದು ತೆಗೆದು ನೋಡಿದಳು, ಹೊಸದೇನೂ ಬರೆದಿರಲಿಲ್ಲ. ಮುಂದಿನ ಬುಧವಾರ, ಡಾಕ್ಟರು ಇಲ್ಲದಿದ್ದರೂ ಗುಳಿಗೆ ಒಯ್ಯಲು ನಾನು ಹೋಗಿದ್ದಾಗ ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಆ ಕಡೆಯ ದನಿ ಎಷ್ಟು ದೊಡ್ಡದಿತ್ತೆಂದರೆ ಮೇಜಿನ ಈಚೆ ಕುಳಿತ ನನಗೂ ಕೇಳಿಸಿತು.

"ಬಾಯಾರ, ನಾ ಸತ್ಯವ್ವರಿ. ಬೀಳಗ್ಯಾಗ ಅದೇನಿ. ಕಾಲ ನೋಡಿದ್ರು. ಬೂಟ ಕಚ್ಚಿ ಹಿಂಬಡ ಒಂದೀಟ ಕೆಂಪಗಾಗಿತ್ತು, ಈಗ ಮಾಯ್ದೈತಿ."

"ಹೋದ ವಾರ ಯಾಕ ಬರಲಿಲ್ಲ?"

"ಕುರಿ ಈದಿತ್ರಿ, ಅವಳಿ ಮರಿ. ಬಿಟ್ಟ ಹೆಂಗ ಬರ್ಲಿ?"

"ಈ ಫೋನ್ ಯಾರದು ಸತ್ಯವ್ವ?"

"ನಂದರಿ. ಮಗ ತಂದ ಕೊಟ್ಟಾನ."

"ಹಂಗಾರ ಇನ್ನ ಮುಂದ ಇದಕ್ಕ ಸುದ್ದಿ ಕಳಸಲೇನು?"

ಆ ಕಡೆ ಸತ್ಯವ್ವ ನಕ್ಕಳು. "ಕಳಸಿದ್ರ ಓದವ್ರ ಯಾರ್ರಿ? ನಾ ಸಾಲಿ ಕಟ್ಟಿ ಹತ್ತಿಲ್ಲ. ತಿರಗಿ ಅವನ ಕೈಯಾಗ ಕೊಡಬೇಕ. ಬ್ಯಾಡ್ರಿ, ನೀವ ಫೋನ್ ಹಚ್ರಿ."

ಸುಲಭಾ ಹೊಸ ನಂಬರನ್ನು ಬರೆದುಕೊಂಡು, ಸಂದೇಶ ಬೇಡ ಎಂದು ಗುರುತು ಹಾಕಿದಳು. ಬೇಸಿಗೆ ಕಳೆದು ಕುರಿಗಳು ಊರಿಗೆ ಮರಳುವವರೆಗೆ, ಸತ್ಯವ್ವ ಕಾಲು ತೋರಿಸಬೇಕಾದ ದಿನದ ಹಿಂದಿನ ಸಂಜೆ, ಮನೆಗೆ ಹೊರಡುವ ಮೊದಲು ಸುಲಭಾಳೇ ಅವಳಿಗೆ ಫೋನು ಹಚ್ಚುತ್ತಿದ್ದಳು.