ನಲವತ್ತೈದು ಎಣಿಸುವಷ್ಟು ಹೊತ್ತು

ಲುಜೇ ಡೇಗಲ್ ಯಾರ ಮನೆಯ ನೆಲಮಾಳಿಗೆಗೆ ಇಳಿದರೂ ಮೊದಲು ಮಾಡುವ ಕೆಲಸವೆಂದರೆ ಏನೂ ಮಾಡದೆ ನಿಲ್ಲುವುದು. ಕೊನೆಯ ಮೆಟ್ಟಿಲಿನ ಮೇಲೆ, ಉಪಕರಣದ ಚೀಲ ಕೈಯಲ್ಲಿ ಹಿಡಿದುಕೊಂಡೇ, ಒಂದು ನಿಮಿಷ. ಮನೆಯವರು ಕೋಟು, ಟೋಪಿ, ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ಹಲ್ಲು ಕಟಕಟಿಸುತ್ತಿರುತ್ತಾರೆ. ಇವನು ಮೂಗು ಅರಳಿಸಿಕೊಂಡು, ಕಿವಿ ಓರೆ ಮಾಡಿಕೊಂಡು ನಿಂತಿರುತ್ತಾನೆ. ಹೊಸಬರಿಗೆ ಮೈ ಉರಿಯುತ್ತದೆ. ಒಂದು ನಿಮಿಷವಾದ ಮೇಲೆ ಅವನು ನೇರವಾಗಿ ಹೋಗಿ ಕೆಟ್ಟಿರುವ ಜಾಗದ ಮೇಲೇ ಕೈಯಿಡುತ್ತಾನೆ. ಫಿಲ್ಟರಿನಲ್ಲಿ ನೀರು ಸೇರಿ ಹೆಪ್ಪುಗಟ್ಟಿದೆಯೋ, ಎಣ್ಣೆ ಚಿಮ್ಮುವ ನಾಝಲ್ ಕಟ್ಟಿಕೊಂಡಿದೆಯೋ, ಪಂಪು ಗಾಳಿ ಎಳೆಯುತ್ತಿದೆಯೋ, ಅವನಿಗೆ ಆಗಲೇ ಗೊತ್ತಾಗಿರುತ್ತದೆ.

ನಾನು ಕ್ಲೋಡೆಟ್. ಮನೆ ಬೆಚ್ಚಗಿಡುವ ಬಾಯ್ಲರುಗಳಿಗೆ ಎಣ್ಣೆ ಮಾರಿ, ಕೆಟ್ಟರೆ ರಿಪೇರಿ ಮಾಡಿಕೊಡುವ ಕಾನ್ರಾಡನ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಫೋನು ಎತ್ತುತ್ತಿದ್ದೇನೆ. ಸೇಂಟ್ ಜಾನ್ ನದಿಯ ಈಚೆ ದಡದಲ್ಲಿ, ಮೇನ್ ರಾಜ್ಯ ಮುಗಿಯುವ ಕಡೆ ನಮ್ಮ ಊರು. ಆಚೆ ದಡ ಕೆನಡಾ. ಇಲ್ಲಿ ಒಂದು ಮನೆಯ ಬಾಯ್ಲರ್ ಜನವರಿಯಲ್ಲಿ ನಿಂತರೆ ಬೆಳಗಾಗುವುದರೊಳಗೆ ಗೋಡೆಯಂಚಿನ ಪೈಪುಗಳು ಒಡೆದಿರುತ್ತವೆ. ಹಾಗಾಗಿ ಜನ ಪಾದ್ರಿಗಿಂತ ಮೊದಲು ಫೋನು ಮಾಡುವುದು ನನಗೆ, ಕೇಳುವುದು ಲುಜೇಯನ್ನು.

ಅವನನ್ನು ಹೊಗಳಲು ನನಗೆ ಯಾವ ಸಂಕೋಚವೂ ಇಲ್ಲ. ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಚೀಲದಿಂದ ಸ್ವಂತ ಉಣ್ಣೆ ಚಪ್ಪಲಿ ತೆಗೆದು ಹಾಕಿಕೊಂಡೇ ಒಳಗೆ ಬರುತ್ತಾನೆ. ಒಲೆಯ ಮೇಲೆ ಬಕ್‌ವೀಟ್ ಹಿಟ್ಟಿನ ದೋಸೆ ಬೇಯುತ್ತಿದ್ದರೂ, ಮೇಲೆ ಬೆಣ್ಣೆ ಕರಗುತ್ತಿದ್ದರೂ, ಕೆಲಸ ಮುಗಿಯುವವರೆಗೆ ಒಂದು ತುಂಡು ಬಾಯಿಗಿಡುವುದಿಲ್ಲ. ಕೆಲಸ ಮುಗಿದಿದೆಯೋ ಇಲ್ಲವೋ ಹೇಳುವುದು ಒಂದು ಚೂರು ಬಿಳಿ ಕಾಗದ. ಹೊಗೆಕೊಳವೆಯ ತೂತಿಗೆ ಕೈಪಂಪು ಹಚ್ಚಿ ಹತ್ತು ಸಲ ಎಳೆದರೆ ಹೊಗೆ ಆ ಕಾಗದದ ಮೂಲಕ ಹಾದುಬರುತ್ತದೆ. ಕಾಗದ ಬೆಳ್ಳಗೇ ಉಳಿಯಬೇಕು. ಸ್ವಲ್ಪ ಬೂದು ಬಣ್ಣ ಕಂಡರೂ ಬೆಂಕಿ ಉರಿಸುವ ಬರ್ನರಿನ ಗಾಳಿಯ ಕಿಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಎಳೆಯುತ್ತಾನೆ. ಬೇರೆಯವರು ‘ಉರೀತಿದೆಯಲ್ಲ, ಸಾಕು’ ಎಂದು ಹೊರಡುವ ಜಾಗದಲ್ಲಿ ಇವನ ಕೆಲಸ ಶುರುವಾಗುತ್ತದೆ. ನಾನು ಆಚೆಯಿಂದ ಫೋನಿನಲ್ಲಿ ಅರಚುತ್ತಿರುತ್ತೇನೆ:

“ಲುಜೇ, ಇನ್ನೂ ಅಲ್ಲೇ ಇದೀಯೇನಯ್ಯಾ? ಐದು ಮನೆಯವರು ಐಸ್ ಆಗ್ತಿದಾರೆ!”

“ಆಗ್ಲಿ ಬಿಡು ಮಾರಾಯ್ತಿ, ಕರಗಿಸೋದಕ್ಕೆ ನಾನಿದೀನಲ್ಲ.”

ಭಾನುವಾರ ಚರ್ಚಿನ ಮೇಳದಲ್ಲಿ ಹಾಡುತ್ತಾನೆ. ಅದೊಂದನ್ನು ಅವನು ಬಿಟ್ಟರೆ ಊರಿಗೇ ಒಳ್ಳೆಯದು.

ಬರ್ನರಿನ ಕೆಂಪು ಗುಂಡಿಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬರ್ನರ್ ಹೊತ್ತಿಕೊಳ್ಳದಿದ್ದರೆ ತಾನೇ ನಿಂತುಬಿಡುತ್ತದೆ. ಅದರ ಮೈಮೇಲಿನ ಕೆಂಪು ಗುಂಡಿ ಒತ್ತಿದರೆ ಇನ್ನೊಮ್ಮೆ ಪ್ರಯತ್ನಿಸುತ್ತದೆ. ಒತ್ತಿದಷ್ಟು ಸಲವೂ ಒಳಗೆ ಎಣ್ಣೆ ಚಿಮ್ಮುತ್ತದೆ. ಕಿಡಿ ಹಾರದಿದ್ದರೆ ಆ ಎಣ್ಣೆ ಉರಿಯದೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಯಾವಾಗಲೋ ಕಿಡಿ ಹಾರಿತೆನ್ನಿ, ನಿಂತ ಎಣ್ಣೆಯೆಲ್ಲ ಒಟ್ಟಿಗೆ ಧಗ್ಗೆಂದು ಹೊತ್ತಿ, ಹೊಗೆಕೊಳವೆ ಕಳಚಿಬಿದ್ದು, ಮನೆ ತುಂಬ ಮಸಿ. ಅದಕ್ಕೇ ಒಂದು ಸಲ ಒತ್ತಿ, ಹೊತ್ತದಿದ್ದರೆ ನಮ್ಮನ್ನು ಕರೆಯಿರಿ ಎಂದು ಎಲ್ಲರಿಗೂ ಹೇಳಿರುತ್ತೇವೆ. ನಮ್ಮ ಕಣಿವೆಯ ಜನ ಪಾದ್ರಿಯ ಮುಂದೆ ಪಾಪನಿವೇದನೆಯಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳುತ್ತಾರೆ, ಗುಂಡಿ ಎಷ್ಟು ಸಲ ಒತ್ತಿದೆವೆಂಬುದನ್ನು ಮಾತ್ರ ಒಪ್ಪುವುದಿಲ್ಲ. ಕೇಳಿದರೆ ಎಲ್ಲರದೂ ಒಂದೇ ಸಲ. ಜನ ಹೀಗೆಂದು ಗೊತ್ತಿದ್ದೇ ಯಂತ್ರ ಮಾಡಿದವರು ಒಂದು ಉಪಾಯ ಮಾಡಿದ್ದಾರೆ: ಮೂರು ಸಲ ಸೋತರೆ ಅದು ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ಸುಮ್ಮನೆ ಒತ್ತಿದರೆ ಕೇಳುವುದಿಲ್ಲ. ಒತ್ತಿ ಹಿಡಿದು ನಲವತ್ತೈದರವರೆಗೆ ಎಣಿಸಿದರೆ ಮಾತ್ರ ತೆರೆಯುತ್ತದೆ. ಇದು ಕೆಲಸಗಾರರಿಗೆ ಮಾತ್ರ ಗೊತ್ತಿರಬೇಕಾದ ಗುಟ್ಟು. ಲುಜೇ ಫೋನಿನಲ್ಲಿ ನಮ್ಮ ಇನ್ನೊಬ್ಬ ಕೆಲಸಗಾರನಿಗೆ ಹೇಳುವುದನ್ನು ಕೇಳಿ ಕೇಳಿ ನನಗೂ ಗೊತ್ತಾಗಿತ್ತು. ಗೊತ್ತಿದೆಯೆಂಬ ಜಂಬವೂ ಇತ್ತು.

ಕಳೆದ ಜನವರಿಯ ಒಂದು ಸೋಮವಾರ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಬೆಳಿಗ್ಗೆ ಏಳು ಗಂಟೆಗೇ ಹನ್ನೊಂದು ಕರೆ. ಇನ್ನೊಬ್ಬ ಕೆಲಸಗಾರ ಜ್ವರ ಬಂದು ಮಲಗಿದ್ದ, ಲುಜೇ ಒಂದು ಗಂಟೆಯ ದಾರಿಯಲ್ಲಿದ್ದ ಆಲೂಗೆಡ್ಡೆ ರೈತನೊಬ್ಬನ ಮನೆಯಲ್ಲಿದ್ದ. ಆಗ ರೇನೋ ಗೆರೆಟ್ ಫೋನು ಮಾಡಿದ. ಹೊಸದಾಗಿ ತಂದೆಯಾದವನು, ಮಗುವಿಗೆ ಮೂರು ವಾರ.

“ಕ್ಲೋಡೆಟಕ್ಕ, ಬಾಯ್ಲರ್ ಸತ್ತೋಗಿದೆ. ಮನೆ ಒಳಗೇ ಉಸಿರು ಹೊಗೆ ಥರ ಕಾಣ್ತಿದೆ. ಮಗು ಇದೆ ಕಣಕ್ಕ!”

“ಗುಂಡಿ ಒತ್ತಿದ್ಯಾ?”

“ಒತ್ತಿದೆ. ಈಗ ಒತ್ತಿದ್ರೂ ಕೇಳ್ತಿಲ್ಲ. ಕೆಂಪು ದೀಪ ಮಿಣುಕ್ತಾ ಇದೆ ಅಷ್ಟೆ.”

ಗುಂಡಿ ಕೇಳುತ್ತಿಲ್ಲವೆಂದರೆ ಬೀಗ ಬಿದ್ದಿದೆ, ಬೀಗ ಬಿದ್ದಿದೆಯೆಂದರೆ ಒಳಗೆ ಮೂರು ಸಲದ ಎಣ್ಣೆ ನಿಂತಿದೆ. ಇದು ನನಗೆ ಗೊತ್ತಿತ್ತು. ಇನ್ನೊಂದು ಫೋನು ಹೊಡೆದುಕೊಳ್ಳುತ್ತಿತ್ತು. ಮಗುವಿನ ಅಳು ಕೇಳಿಸುತ್ತಿತ್ತು. ನಾನು ಹೇಳಿದೆ:

“ಒತ್ತಿ ಹಿಡ್ಕೋ. ನಲವತ್ತೈದರ ತನಕ ಎಣಿಸು. ಆಮೇಲೆ ಬಿಡು.”

ಇಪ್ಪತ್ತು ನಿಮಿಷದ ಮೇಲೆ ಮತ್ತೆ ಕರೆ ಬಂತು. ಈ ಸಲ ಅವನ ಹೆಂಡತಿ ಜೋಯೆಲ್, ಪಕ್ಕದ ಮನೆಯಿಂದ. ನೆಲಮಾಳಿಗೆಯಲ್ಲಿ ಮದ್ದು ಸಿಡಿದಂತೆ ಸದ್ದಾಯಿತಂತೆ. ಪರದೆ, ಸೋಫಾ, ಅಡುಗೆಮನೆ, ಮಗುವಿನ ಅಜ್ಜಿ ಹೆಣೆದ ಬಿಳಿ ಹೊದಿಕೆ, ಎಲ್ಲ ಕಪ್ಪು. ಮಗುವನ್ನೆತ್ತಿಕೊಂಡು ಹೊರಗೋಡಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಆ ಒಂದು ಮಾತಿಗಾಗಿ ನಾನು ಇವತ್ತಿಗೂ ದೇವರಿಗೆ ಕೈ ಮುಗಿಯುತ್ತೇನೆ.

ಆ ಬಾಯ್ಲರನ್ನು ಅಕ್ಟೋಬರಿನಲ್ಲಿ ಶುಚಿಮಾಡಿದ್ದವನು ಲುಜೇ. ರೇನೋ ಊರೆಲ್ಲ ಅದನ್ನೇ ಹೇಳಿಕೊಂಡು ಬಂದ. “ಲುಜೇಗೆ ವಯಸ್ಸಾಯ್ತು. ಕಣ್ಣು ಕಾಣಲ್ಲ. ನನ್ನ ಮಗು ಸಾಯ್ತಿತ್ತು” ಎಂದು ಅಂಚೆ ಕಚೇರಿಯಲ್ಲಿ ನಿಂತು ಹೇಳಿದನಂತೆ. ಕೆಲಸಗಾರರಿಗೆ ಲೈಸೆನ್ಸು ಕೊಡುವ ರಾಜ್ಯದ ಕಚೇರಿಗೆ ದೂರನ್ನೂ ಕೊಟ್ಟ. ತಾನು ಗುಂಡಿ ಒತ್ತಿದ್ದು ಒಂದೇ ಸಲ ಎಂದು ಬರೆದುಕೊಟ್ಟಿದ್ದ. ನನ್ನ ಹೆಸರು ಹೇಳಿದರೆ ತನ್ನ ಲೆಕ್ಕವೂ ಹೊರಬೀಳುತ್ತದೆಂದು ಸುಮ್ಮನಿದ್ದ. ನಾನೂ ಸುಮ್ಮನಿದ್ದೆ.

ಮಂಗಳವಾರ ಒಬ್ಬಾಕೆ ಫೋನು ಮಾಡಿ, “ಯಾರನ್ನಾದ್ರೂ ಕಳ್ಸಿ, ಲುಜೇ ಮಾತ್ರ ಬೇಡ” ಅಂದಳು. ಬುಧವಾರ ಇನ್ನಿಬ್ಬರು. ನಲವತ್ತೊಂದು ವರ್ಷ ಆ ಮನೆಗಳ ಬೆಂಕಿ ಕಾಯ್ದವನು. ನಾನು ಅವನಿಗೆ “ಆ ಮನೆಗೆ ನಾಳೆ ಹೋದ್ರಾಯ್ತು” ಎಂದು ಸುಳ್ಳು ಹೇಳಿದೆ. ಅವನು “ಸರಿ” ಅಂದ. ಅವನಿಗೆ ಎಲ್ಲ ತಿಳಿದಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ನನ್ನ ಕುರ್ಚಿ, ನನ್ನ ಫೋನು, ಊರಲ್ಲಿ ನನಗಿರುವ ಮರ್ಯಾದೆ, ಇವೆಲ್ಲ ಕಣ್ಣ ಮುಂದೆ ಬರುತ್ತಿದ್ದವು. ಹೇಡಿತನಕ್ಕೆ ಬೇರೆ ಹೆಸರು ಕೊಡಲು ನನಗೆ ಬರುವುದಿಲ್ಲ.

ಗುರುವಾರ ತನಿಖೆಗೆ ರಾಜ್ಯದ ಕಚೇರಿಯಿಂದ ಶ್ರೀಮತಿ ಹ್ಯಾಸ್ಕೆಲ್ ಎಂಬಾಕೆ ಬಂದರು. ಕರೆ ಬಂದ ಹೊತ್ತು ಬರೆದಿಡುವ ಪುಸ್ತಕ ತರಬೇಕೆಂದು ಯಜಮಾನ ಕಾನ್ರಾಡ್ ನನ್ನನ್ನೂ ಲುಜೇಯ ಟ್ರಕ್ಕಿನಲ್ಲಿ ಕಳಿಸಿದ. ತಾನು ಹಿಂದೆ ಬಂದ. ರೇನೋನ ನೆಲಮಾಳಿಗೆಯಲ್ಲಿ ಇನ್ನೂ ಸುಟ್ಟ ಎಣ್ಣೆಯ ವಾಸನೆ. ಬಾಯ್ಲರ್ ಮಾತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಸೋಮವಾರವೇ ಲುಜೇ ಬಂದು, ಬೈಸಿಕೊಳ್ಳುತ್ತಲೇ, ಒಳಗಿನ ಎಣ್ಣೆಯೆಲ್ಲ ಹೀರಿ ತೆಗೆದು, ಕೆಟ್ಟಿದ್ದನ್ನು ಬದಲಿಸಿ, ಕಾಗದ ಬಿಳಿಯಾಗುವವರೆಗೆ ಕೂತು ಸರಿಮಾಡಿ ಹೋಗಿದ್ದ.

ನಮ್ಮ ಕಡೆ ಪ್ರತಿ ಬಾಯ್ಲರಿಗೂ ತಂತಿಯಲ್ಲಿ ಒಂದು ರಟ್ಟಿನ ಚೀಟಿ ತೂಗುಹಾಕಿರುತ್ತೇವೆ. ಬಂದವನು ಮಾಡಿದ ಕೆಲಸ ಬರೆದು ಸಹಿ ಹಾಕಬೇಕು. ಹ್ಯಾಸ್ಕೆಲ್ ಅದನ್ನು ಟಾರ್ಚಿನ ಬೆಳಕಿನಲ್ಲಿ ಓದಿದರು, ಮತ್ತೆ ಗಟ್ಟಿಯಾಗಿ ಓದಿದರು.

“ಕಿಡಿ ಕೊಡೋ ಕಡ್ಡಿಯ ಪಿಂಗಾಣಿಯಲ್ಲಿ ಕೂದಲೆಳೆ ಬಿರುಕು. ಅಕ್ಟೋಬರಿನಲ್ಲಿ ನಾನು ನೋಡಲಿಲ್ಲ. ಎಲ್. ಡೇಗಲ್.” ಅವರು ತಲೆ ಎತ್ತಿದರು. “ಇದನ್ನ ನೀವೇ ಬರೆದಿದ್ದಾ?”

“ಹೌದು.”

“ಬಿರುಕು ಆಗಲೇ ಇತ್ತು ಅಂತ ಗ್ಯಾರಂಟಿನಾ?”

“ಗ್ಯಾರಂಟಿ ಇಲ್ಲ. ಡಿಸೆಂಬರಲ್ಲಿ ಬಿಟ್ಟಿದ್ರೂ ಬಿಟ್ಟಿರಬಹುದು. ಆದ್ರೆ ನಾನು ನೋಡ್ಲಿಲ್ಲ ಅನ್ನೋದು ಗ್ಯಾರಂಟಿ. ನನ್ನ ಮುಂದೆ ಬರೋನಿಗೆ ಗೊತ್ತಾಗ್ಬೇಕಲ್ಲ.”

“ಈ ಒಂದು ಸಾಲಿಗೆ ನಿಮ್ಮ ಲೈಸೆನ್ಸ್ ಹೋಗಬಹುದು, ಗೊತ್ತಾ ಮಿಸ್ಟರ್ ಡೇಗಲ್?”

ಕಾನ್ರಾಡ್ ಕೆಮ್ಮಿದ. ತಪ್ಪೆಲ್ಲ ಒಬ್ಬನ ತಲೆಗೆ ಬಿದ್ದರೆ ಅಂಗಡಿ ಉಳಿಯಿತೆಂಬ ನೆಮ್ಮದಿ ಅವನ ಮುಖದಲ್ಲಿ ಕಂಡಿತು. ಲುಜೇ ಭುಜ ಕುಣಿಸಿದನಷ್ಟೆ. ಆಗ ಹ್ಯಾಸ್ಕೆಲ್ ಗುಂಡಿಯ ಮೇಲೆ ಬೆರಳಿಟ್ಟು ಕೇಳಿದರು:

“ಬಿರುಕಿದ್ರೆ ಬರ್ನರ್ ಹೊತ್ತಲ್ಲ, ಮೂರು ಸಲ ನೋಡಿ ಬೀಗ ಹಾಕ್ಕೊಳತ್ತೆ. ಅಲ್ಲಿಗೆ ಮುಗೀತು. ಇಷ್ಟು ಮಸಿ ಬರ್ಬೇಕು ಅಂದ್ರೆ ಯಾರೋ ಬೀಗ ತೆಗೆದಿರಬೇಕು. ಯಾರು ತೆಗೆದಿದ್ದು?”

ರೇನೋ ಗೋಡೆ ನೋಡಿದ. ಕಾನ್ರಾಡ್ ಲುಜೇಯನ್ನು ನೋಡಿದ. ಲುಜೇ ಮಾತ್ರ ಯಾರನ್ನೂ ನೋಡಲಿಲ್ಲ. ಬಗ್ಗಿ, ಒಳಗಿನ ಬೆಂಕಿ ನೋಡುವ ಪುಟ್ಟ ಗಾಜಿನ ಕಿಂಡಿಯನ್ನು ಬಟ್ಟೆಯಿಂದ ಒರೆಸುತ್ತ ಕೂತ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು. ಅವನಿಗೆ ಗೊತ್ತೆಂದು ನನಗೆ ತಿಳಿದದ್ದು ಆಗ. ಗೊತ್ತಿದ್ದೂ ಅವನು ಬಾಯಿ ಬಿಡುವುದಿಲ್ಲ, ಲೈಸೆನ್ಸನ್ನು ಹ್ಯಾಸ್ಕೆಲ್ ಕೈಗಿಟ್ಟು ಮನೆಗೆ ಹೋಗುತ್ತಾನೆ.

“ನಾನು,” ಅಂದೆ. “ನಲವತ್ತೈದು ಎಣಿಸು ಅಂತ ಫೋನಲ್ಲಿ ಹೇಳಿಕೊಟ್ಟಿದ್ದು ನಾನು. ಬೀಗ ಬಿದ್ದಿದೆ ಅಂತ ಗೊತ್ತಿತ್ತು. ಆದ್ರೂ ಹೇಳ್ದೆ. ಪುಸ್ತಕದಲ್ಲಿ ಬರೀಲಿಲ್ಲ.”

ಆಮೇಲೆ ರೇನೋ, ಗೋಡೆಯತ್ತಲೇ ಮುಖಮಾಡಿ, “ಆರು ಸಲ. ಮೊದ್ಲು ಮೂರು, ಬೀಗ ತೆಗೆದ್ಮೇಲೆ ಮತ್ತೆ ಮೂರು” ಅಂದ. ಮೇಲೆ ಮೆಟ್ಟಿಲ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಜೋಯೆಲ್, “ಊರ ತುಂಬಾ ಆ ಮನುಷ್ಯನ್ನ ಬೈಕೊಂಡು ಬಂದ್ಯಲ್ಲೋ, ಇದೇ ಬಾಯಲ್ಲಿ!” ಎಂದು ಗಂಡನಿಗೆ ಹೇಳಿದ್ದು ಬೀದಿಗೂ ಕೇಳಿಸಿರಬೇಕು.

ಲುಜೇಯ ಲೈಸೆನ್ಸು ಉಳಿಯಿತು. ಬಿರುಕು ನೋಡದ್ದಕ್ಕೆ ಒಂದು ಎಚ್ಚರಿಕೆಯ ಪತ್ರ ಬಂತು. ಅವನು ಅದನ್ನು ಪ್ರಶಸ್ತಿಪತ್ರ ಬಂದವನಂತೆ ಮಡಿಸಿ ಟ್ರಕ್ಕಿನಲ್ಲಿಟ್ಟುಕೊಂಡಿದ್ದಾನೆ. ಕಾನ್ರಾಡ್ ಮಾತ್ರ ಅಲ್ಲೇ ಅಂಗಳದಲ್ಲಿ ನನ್ನ ಮುಖಕ್ಕೆ ಹೊಡೆದಂತೆ ಹೇಳಿದ: “ನಾಳೆಯಿಂದ ಎರಡು ವಾರ ಅಂಗಡಿ ಕಡೆ ತಲೆ ಹಾಕ್ಬೇಡ.” ಕೆಲಸದಿಂದಲೇ ತೆಗೆಯದಿದ್ದದ್ದು ಅವನ ದೊಡ್ಡತನ.

ವಾಪಸು ಬರುವಾಗ ಟ್ರಕ್ಕಿನಲ್ಲಿ ಲುಜೇ ಗೇರನ್ನು ಕಿರ್ರೆನ್ನುವಂತೆ ಎಳೆದ. ಇಷ್ಟು ಕೋಪದಲ್ಲಿ ಅವನನ್ನು ನಾನು ನೋಡಿರಲೇ ಇಲ್ಲ.

“ಆ ಮಗು ತೊಟ್ಲು ಎಲ್ಲಿದೆ ಗೊತ್ತೇನೇ? ಬಾಯ್ಲರಿಗೆ ನೇರ ಮೇಲೆ.”

“ಗೊತ್ತಿರ್ಲಿಲ್ಲ.”

“ಗೊತ್ತಿಲ್ದೇ ಹೇಳ್ದೆ ನೀನು.”

ನಾನು ತಲೆ ತಗ್ಗಿಸಿದೆ. ಆಮೇಲೆ ಕೇಳಿದೆ, “ನಿಂಗೆ ಯಾವತ್ತು ಗೊತ್ತಾಯ್ತು?”

“ಸೋಮವಾರವೇ. ಅಷ್ಟು ಎಣ್ಣೆ ಮೂರು ಸಲಕ್ಕೆ ನಿಲ್ಲಲ್ಲ. ಆ ಎಣಿಸೋ ಗುಟ್ಟು ರೇನೋಗೆ ಕನಸಲ್ಲಿ ಬಂತಾ? ಅಂಗಡೀಲಿ ಅದು ಗೊತ್ತಿರೋರು ಮೂವರು. ಒಬ್ಬ ಜ್ವರ ಬಂದು ಮಲಗಿದ್ದ. ಇನ್ನೊಬ್ಬ ನಾನು.”

“ನಾನು ಬಾಯಿ ಬಿಡ್ದೇ ಇದ್ದಿದ್ರೆ ಹೇಳ್ತಿದ್ಯಾ?”

“ಇಲ್ಲ.” ರಸ್ತೆ ನೋಡುತ್ತಲೇ ಅಂದ. “ಆದ್ರೆ ಕ್ಲೋಡೆಟ್, ಹೊಗೆ ಇಲ್ವಂತೆ, ಎಣ್ಣೆ ನಿಂತಿಲ್ವಂತೆ, ಒಳಗೆ ಹೋಗು ಅಂತ ನೀನು ಫೋನಲ್ಲಿ ಹೇಳ್ತೀಯ. ಆ ಮಾತು ನಂಬ್ಕೊಂಡೇ ನಾನು ಬರ್ನರ್ ಮುಂದೆ ಮುಖ ಇಟ್ಟು ಕೂರೋದು. ಇಪ್ಪತ್ತಾರು ವರ್ಷ ಒಂದು ಸಲಾನೂ ಅನುಮಾನ ಪಟ್ಟಿಲ್ಲ. ಈ ಮೂರು ದಿನ ಒಂದೊಂದು ಮನೆ ಬಾಗ್ಲಲ್ಲೂ ನಿಂತು ಯೋಚ್ನೆ ಮಾಡ್ದೆ.”

ನನಗೆ ಅಳು ತಡೆಯಲಾಗಲಿಲ್ಲ. ಅವನು ಸಮಾಧಾನ ಮಾಡಲೂ ಇಲ್ಲ, ಮಾಡುವ ಅಗತ್ಯವೂ ಇರಲಿಲ್ಲ.

ಊರ ಹಳ್ಳದ ಸೇತುವೆ ದಾಟುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಅಂಗಡಿಯಲ್ಲಿ ಯಾರೂ ಇಲ್ಲದ್ದರಿಂದ ಕರೆ ಅವನಿಗೇ ಬಂದಿತ್ತು. ಅವನು ನೋಡಿ, ಫೋನನ್ನು ನನ್ನ ಮಡಿಲಿಗೆ ಹಾಕಿದ. “ಎತ್ತು. ಇವತ್ತಿನ್ನೂ ನಿಂದೇ ಕೆಲಸ.”

ಶಾಲೆಯಲ್ಲಿ ಪಾಠ ಹೇಳುವ ಅಲ್ಬೆರ್ತೀನ್. ಬಾಯ್ಲರ್ ನಿಂತಿದೆ. ನಾನು ಮೂಗೊರೆಸಿಕೊಂಡು ಒಂದೊಂದನ್ನೇ ಕೇಳಿದೆ. ವಾಸನೆ ಇದೆಯೇ, ಹೊಗೆ ಇದೆಯೇ, ದೀಪ ಮಿಣುಕುತ್ತಿದೆಯೇ, ಎಷ್ಟು ಸಲ ಒತ್ತಿದಿರಿ. “ಒಂದೇ ಸಲ” ಅಂದಳು. “ಟೀಚರಮ್ಮ, ನಿಜ ಹೇಳಿ. ಬಂದು ಬಗ್ಗೋದು ಲುಜೇ,” ಅಂದೆ. ಆಮೇಲೆ, “ಎರಡು ಸಲ.” ಇನ್ನು ಮುಟ್ಟಬೇಡಿ ಎಂದು ಹೇಳಿ ಇಟ್ಟೆ.

ಐದು ನಿಮಿಷದಲ್ಲಿ ಅವಳ ಮನೆಯ ಮುಂದೆ ಟ್ರಕ್ಕು ನಿಂತಿತು. ಲುಜೇ ಚೀಲ ಹೆಗಲಿಗೇರಿಸಿ, ಟ್ರಕ್ಕಿನ ತೆರೆದ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು ನನ್ನತ್ತ ತಿರುಗಿದ.

“ಏನಂತೆ?”

“ಎರಡು ಸಲ ಒತ್ತಿದಾರೆ. ಸ್ವಲ್ಪ ಎಣ್ಣೆ ನಿಂತಿರತ್ತೆ. ಹೊಗೆ ಇಲ್ಲ, ಬೀಗ ಬಿದ್ದಿಲ್ಲ. ಹೋಗು.”

ಅವನು ಬಾಗಿಲು ಹಾಕಿ, ಹಿಂದಿರುಗಿ ನೋಡದೆ, ಹಿಮದಲ್ಲಿ ನಡೆದು ಒಳಗೆ ಹೋದ.