ಹೆಡ್‌ಗೊಂದು ಸ್ಟೂಲ್

ನಿಮಗೆ ಬಟ್ಟೆ ತೋರಿಸುವ ಹೆಂಗಸು ಕೆಲಸದ ಹೊತ್ತಿನಲ್ಲಿ ಕೂರುವಂತಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಮೆತ್ತನೆಯ ಸೀಟಿನಲ್ಲಿ ಕೂತು, "ಇದಲ್ಲ, ಅದರ ಕೆಳಗಿಂದು ತೆಗೀರಿ" ಎಂದು ಬೆರಳು ತೋರಿಸುತ್ತೀರಲ್ಲ, ಆಗ ಒಮ್ಮೆಯಾದರೂ ಅವಳ ಕಾಲು ನೋಡಿದ್ದೀರಾ?

ನಮ್ಮ ಬೀದಿಯ ಮೂಲೆಮನೆಯ ಅಕ್ಕ ಅಂಥವಳು. ಮೂರು ಮಹಡಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಮದುವೆಗೆ ಬಂದ ಮಗಳಿದ್ದರೂ ಅಂಗಡಿಯ ಲೆಕ್ಕದಲ್ಲಿ ಅವಳು ಬಹಳ ಕಾಲ ಸೇಲ್ಸ್ ಗರ್ಲ್. ನಿಂತು ನಿಂತು ಮೀನಖಂಡದ ನರಗಳು ಹಗ್ಗದಂತೆ ಉಬ್ಬಿದವು. ಕೂತು ಮಾಡುವ ಕೆಲಸ ನೋಡಿಕೋ, ಇಲ್ಲವಾದರೆ ಆಪರೇಷನ್ನೇ ಗತಿ ಎಂದರು ಡಾಕ್ಟರು. ಅಕ್ಕ ಮಾಲೀಕನ ಬಳಿ ಹೋಗಿ ಒಂದು ಸ್ಟೂಲ್ ಕೇಳಿದಳು.

ಮಾಲೀಕ ಸ್ಟೂಲ್ ಕೊಡಲಿಲ್ಲ, ಬ್ಯಾಡ್ಜ್ ಕೊಟ್ಟ. ಅದರ ಮೇಲೆ 'ಸೀನಿಯರ್' ಎಂದಿತ್ತು. ಜೊತೆಗೆ ಮೊದಲನೇ ಮಹಡಿಗೆ ವರ್ಗ. ಲಿಫ್ಟ್ ಗಿರಾಕಿಗಳಿಗೆ ಮಾತ್ರ. ಊಟಕ್ಕೆ, ನೀರಿಗೆ, ಶೌಚಕ್ಕೆ ಸೀನಿಯರ್ ಮೆಟ್ಟಿಲಿಳಿದು ಮೆಟ್ಟಿಲು ಹತ್ತಬೇಕು. ಮುಂದಿನ ವರ್ಷ ನೋವು ಹೆಚ್ಚಾಯಿತು, ಮತ್ತೆ ಕೇಳಿದಳು. ಈ ಸಲ 'ಫ್ಲೋರ್ ಹೆಡ್' ಮಾಡಿ ಎರಡನೇ ಮಹಡಿಗೆ ಹತ್ತಿಸಿದ. ಅಲ್ಲಿ ಪರದೆ, ಹಾಸಿಗೆ ಹೊದಿಕೆ, ಎತ್ತಿದರೆ ಸೊಂಟ ಕಳಚುವ ಬಟ್ಟೆಯ ಉರುಳೆಗಳು. ಹೊಗಳಿ ಅಟ್ಟಕ್ಕೇರಿಸುವುದನ್ನು ನಾವೆಲ್ಲ ಮಾತಿನಲ್ಲಿ ಮಾಡುತ್ತೇವೆ. ಈ ಪುಣ್ಯಾತ್ಮ ಅದನ್ನು ಮೆಟ್ಟಿಲ ಮೇಲೇ ಮಾಡಿ ತೋರಿಸಿದ.

ಸ್ಟೂಲಿನ ಮಾತೆತ್ತಿದಾಗ ಅವನು ನಕ್ಕನಂತೆ.

"ಹೆಡ್ಡೇ ಕೂತ್ರೆ ಉಳಿದವರು ಮಲಗ್ತಾರೆ ಕಣಮ್ಮಾ."

ಸಂಬಳ ಮಾತ್ರ ಹತ್ತಲಿಲ್ಲ. ಅದಕ್ಕೆ ಇಂಗ್ಲಿಷ್ ಬರುವುದಿಲ್ಲವೇನೋ. ಸೀನಿಯರ್, ಹೆಡ್, ಚೀಫ್, ಟಾಪ್: ಈ ಎತ್ತರದ ಪದಗಳಷ್ಟು ಅಗ್ಗದ ಸರಕು ಆ ಅಂಗಡಿಯಲ್ಲಿ ಇನ್ನೊಂದಿಲ್ಲ. ಕರವಸ್ತ್ರಕ್ಕೂ ಅದಕ್ಕಿಂತ ಹೆಚ್ಚು ಬೆಲೆ. ಆದರೂ ಕೊಡುವವನಿಗಿಂತ, ಬಾಯಿ ಬಿಟ್ಟುಕೊಂಡು ನುಂಗುವ ನಮ್ಮನ್ನು ಕಂಡರೇ ನನಗೆ ಹೆಚ್ಚು ಹೇಸಿಗೆ. ಅಕ್ಕನ ಗಂಡ ಬ್ಯಾಡ್ಜ್ ಹಾಕಿಸಿ ಅವಳ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ. ಅವನ ತಂಗಿಯಂತೂ ಸೊಸೆಯನ್ನು ಹುಡುಕುತ್ತಿದ್ದವರ ಮುಂದೆಲ್ಲ "ನಮ್ಮತ್ತಿಗೆ ಹೆಡ್ಡು" ಎಂದು ಸಾರಿಕೊಂಡು ಬಂದಳು. ಆ ಮಾತಿನ ಮೇಲೆಯೇ ಮಗಳಿಗೊಂದು ಸಂಬಂಧ ಕುದುರತೊಡಗಿತು.

ಅಷ್ಟರಲ್ಲಿ ಅಂಗಡಿಯ ದರ್ಜಿ ಕೆಲಸ ಬಿಟ್ಟ. ಕೆಳಗೆ, ಮೆಟ್ಟಿಲ ಅಡಿಯ ಸಂದಿಯಲ್ಲಿ ಅವನ ಹೊಲಿಗೆ ಮೆಷಿನ್. ಅಂಚು ಮಡಿಸುವುದು, ಉದ್ದ ಕತ್ತರಿಸುವುದು, ಗುಂಡಿ ಹಾಕುವುದು. ಸಂಬಳ ಅಷ್ಟೇ, ಆದರೆ ಕೂತು ಮಾಡುವ ಕೆಲಸ, ಮೋಟಾರಿನ ಮೆಷಿನ್ನು, ತುಳಿಯುವುದೂ ಬೇಡ. ಮದುವೆಗೆ ಮುಂಚಿನಿಂದಲೂ ಹೊಲಿಗೆ ಬಲ್ಲವಳು ಅಕ್ಕ. ಅದನ್ನು ನನಗೆ ಕೊಡಿ ಎಂದಳು.

ಮಾಲೀಕ ಹೌಹಾರಿದಂತೆ ಮಾಡಿದ. ಹೆಡ್ ಆದವರನ್ನು ಮೆಟ್ಟಿಲ ಕೆಳಗೆ ಕೂರಿಸಿದರೆ ಅಂಗಡಿಯ ಮರ್ಯಾದೆ ಏನಾಗಬೇಕು, ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದ. ಕಿಲಾಡಿ. ಮನೆಯವರು ಏನನ್ನುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಂದು ಸಂಜೆ ನಾದಿನಿ ಓಡಿಬಂದಳು. "ಬೀಗರಾಗೋರಿಗೆ ಏನಂತ ಹೇಳೋಣ ಅತ್ತಿಗೆ? ಹೆಡ್ ಆಗಿದ್ದೋರು ಈಗ ಗುಂಡಿ ಹಚ್ತಿದಾರೆ ಅಂತಾನಾ?"

ಮಗಳದ್ದೊಂದು ಮುಗಿಯುವ ತನಕ ತಡ್ಕೋ ಎಂದ ಗಂಡ, ಸೋಫಾದ ಮೇಲೆ ಕಾಲು ಚಾಚಿಕೊಂಡೇ.

"ತಡ್ಕೊಳ್ಬೇಕಾಗಿರೋದು ನಾನಲ್ಲ ಕಣ್ರೀ, ಕಾಲು," ಎಂದಳು ಅಕ್ಕ. "ಅದಕ್ಕೆ ನೀವೇ ಹೇಳಿ."

ಯಾರ ಮಾತೂ ಕೇಳದೆ ಮರುದಿನ ಮಾಲೀಕನಿಗೆ, ಮೆಷಿನ್ ನನಗೇ ಬೇಕು ಎಂದುಬಿಟ್ಟಳು. ನೋಡೋಣ ಎಂದ.

ಅದೇ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ಪರದೆ ಕೊಳ್ಳಲು ಬಂದರು. ಉರುಳೆಯ ಮೇಲೆ ಉರುಳೆ ಬಿಚ್ಚಿಸಿದರು. ಒಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಲು ಇಬ್ಬರೂ ಕಿಟಕಿಯತ್ತ ಹೋದಾಗ ಅಕ್ಕ ಗಿರಾಕಿಗಳ ಸೀಟಿನ ತುದಿಗೆ ಕೂತಳು. ಪೂರ್ತಿಯೂ ಅಲ್ಲ, ತುದಿಗೆ.

ಆ ಹೆಂಗಸು ತಿರುಗಿ ನೋಡಿದಳು. "ದುಡ್ಡು ಕೊಡೋರು ನಾವು ನಿಂತಿದೀವಿ, ನೀವು ಆರಾಮಾಗಿ ಕೂತ್ಬಿಟ್ಟಿದೀರಲ್ರೀ."

ಕೆಳಗೆ ಹೋಗಿ ದೂರು ಕೊಟ್ಟಳು. ಕೊಂಡದ್ದು ಎರಡು ದಿಂಬಿನ ಚೀಲ.

ಮಾಲೀಕ ಅಕ್ಕನನ್ನು ಎಲ್ಲರೆದುರು ನಿಲ್ಲಿಸಿ, ಹೆಡ್ ಆದವರೇ ಹೀಗೆ ಮಾಡಿದರೆ ಹೇಗೆ ಎಂದು ಕೇಳಿದ. ಕೊಟ್ಟ ಪದ ಆಗ ಕೆಲಸಕ್ಕೆ ಬಂತು, ಅವನ ಕೆಲಸಕ್ಕೆ. ಮೆಷಿನ್ನಿಗೆ ಹೊರಗಿನ ದರ್ಜಿಯೊಬ್ಬ ಬಂದು ಕೂತಿದ್ದಾನೆ. ಕಾಲಿಗೆ ಬಿಗಿಪಟ್ಟಿ ಸುತ್ತಿಕೊಂಡು ಅಕ್ಕ ಇನ್ನೂ ಎರಡನೇ ಮಹಡಿಯಲ್ಲೇ ನಿಂತಿದ್ದಾಳೆ. ಮೇಲೆ ಇನ್ನೊಂದು ಮಹಡಿ ಏಳುತ್ತಿದೆ. ಅದಕ್ಕೊಬ್ಬ 'ಚೀಫ್' ಬೇಕಂತೆ. ನಾದಿನಿ ಈಗಲೇ ಬೀಗರಿಗೆ ಸುದ್ದಿ ಮುಟ್ಟಿಸಿದ್ದಾಳೆ.

ಓದಿ ಅಯ್ಯೋ ಪಾಪ ಅನ್ನಬೇಡಿ, ನಿಮ್ಮ ಪಾಪ ಯಾರಿಗೆ ಬೇಕು? ಮುಂದಿನ ಸಲ ಬಟ್ಟೆ ಅಂಗಡಿಗೆ ಹೋದಾಗ, ತೋರಿಸುವವಳು ಕೂರುವ ತನಕ ನೀವೂ ಕೂರಬೇಡಿ. ಅವಳಿಗೊಂದು ಸ್ಟೂಲ್ ತನ್ನಿ ಎಂದು ಮಾಲೀಕನ ಗಲ್ಲಾದ ಮುಂದೆ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿ. ತರದಿದ್ದರೆ ಆರಿಸಿದ ಬಟ್ಟೆಯನ್ನು ಅಲ್ಲೇ ಬಿಟ್ಟು ಹೊರಟು ಬನ್ನಿ.